ಎರಡು ಗಂಟೆಗೊಮ್ಮೆ

ಹಾಸಿಗೆ ಹುಣ್ಣಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಲಗಿದವರ ಮೈಯ ಭಾರವೇ ಅದಕ್ಕೆ ಕಾರಣ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹರಿಯುವುದು ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ಆರೋಗ್ಯವಾಗಿರುವ ನಾವು ನಿದ್ದೆಯಲ್ಲೂ ನಮಗೆ ಗೊತ್ತಿಲ್ಲದೆ ಹೊರಳುತ್ತಿರುತ್ತೇವೆ, ಅದರಿಂದ ಬಚಾವಾಗುತ್ತೇವೆ. ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ಪ್ರಜ್ಞೆ ಇಲ್ಲದವರು, ತೀರಾ ನಿತ್ರಾಣರಾದ ವೃದ್ಧರು ಹಾಗೆ ಹೊರಳಲಾರರು. ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ, ತಲೆಯ ಹಿಂಬದಿ, ಹೀಗೆ ಮೂಳೆ ಚರ್ಮಕ್ಕೆ ಹತ್ತಿರವಿರುವ ಕಡೆಯಲ್ಲೆಲ್ಲ ಮೊದಲು ಒಂದು ಕಲೆ ಕಾಣಿಸುತ್ತದೆ. ಎಷ್ಟೋ ಸಲ ಆ ಹೊತ್ತಿಗೆ ಒಳಗಿನ ಮಾಂಸ ಸತ್ತಿರುತ್ತದೆ, ಚರ್ಮ ಆಮೇಲೆ ಬಾಯಿ ಬಿಡುತ್ತದೆ. ಹೊರಗೆ ರೂಪಾಯಿಯಗಲ ಕಂಡದ್ದು ಒಳಗೆ ಅಂಗೈಯಗಲ ಇರಬಹುದು, ಮೂಳೆಯವರೆಗೂ ಇಳಿದಿರಬಹುದು.

ತಡೆಯುವ ದಾರಿ ಹೇಳುವುದಕ್ಕೆ ಅಷ್ಟೇ ಸುಲಭ. ತಾನಾಗಿ ಹೊರಳಲಾರದವರನ್ನು ಇನ್ನೊಬ್ಬರು ಹೊರಳಿಸಬೇಕು. ಎಡ ಮಗ್ಗುಲು, ಬಲ ಮಗ್ಗುಲು, ಅಂಗಾತ, ಮತ್ತೆ ಎಡ ಮಗ್ಗುಲು. ಹಗಲೂ ರಾತ್ರಿಯೂ. ಇಷ್ಟು ಸಣ್ಣ ಕೆಲಸದ ಸುತ್ತ ಶುಶ್ರೂಷೆಯ ಸಂಶೋಧನೆ ಒಂದೂವರೆ ಶತಮಾನ ದುಡಿದಿದೆ. ಆ ಸಂಶೋಧನೆಯನ್ನು ಓದುತ್ತಾ ಹೋದಂತೆ ನನಗೆ ಗಟ್ಟಿಯಾಗುತ್ತಾ ಬಂದ ನಂಬಿಕೆಯೊಂದಿದೆ: ನಮ್ಮ ಪ್ರೀತಿ ತನ್ನಷ್ಟಕ್ಕೆ ತಾನು ನೆರವಾಗುತ್ತಿದೆಯೋ ನೋಯಿಸುತ್ತಿದೆಯೋ ಎಂದು ತಿಳಿಯಲಾರದು. ಅದನ್ನು ತಿಳಿಯಲು ಯಾರಾದರೂ ಕೂತು ನೋಡಬೇಕು, ಎಣಿಸಬೇಕು, ಬರೆದಿಡಬೇಕು. ಆ ಕೆಲಸವೂ ಕರುಣೆಯೇ. ಆದರೆ ನಾವು ಅದನ್ನು ಕರುಣೆಯೆಂದು ಗುರುತಿಸುವುದಿಲ್ಲ.

1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಒಂದು ಕಟುವಾದ ಮಾತು ಹೇಳಿದರು. ರೋಗಿಗೆ ಚಳಿಯಾದರೆ, ಉಂಡದ್ದು ವಾಂತಿಯಾದರೆ, ಬೆನ್ನಿಗೆ ಹುಣ್ಣಾದರೆ, ಸಾಮಾನ್ಯವಾಗಿ ತಪ್ಪು ರೋಗದ್ದಲ್ಲ, ಆರೈಕೆಯದು ಎಂಬುದು ಅದರ ಸಾರ. ಆ ಮಾತಿನ ಹಿಂದೆ ಕ್ರಿಮಿಯಾ ಯುದ್ಧದ ಅನುಭವವಿತ್ತು. 1854ರ ನವೆಂಬರಿನಲ್ಲಿ ಅವರು 38 ಮಂದಿ ಸ್ತ್ರೀಯರೊಡನೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಿಳಿದರು. ಅವರು ಬಂದ ಮೇಲೂ ಸೈನಿಕರು ಸಾಯುವುದು ನಿಲ್ಲಲಿಲ್ಲ. ಚಳಿಗಾಲದಲ್ಲಿ ಸಾವು ಇನ್ನಷ್ಟು ಏರಿತು. 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗ ಬಂದು ಆಸ್ಪತ್ರೆಯ ಅಡಿಯಲ್ಲಿದ್ದ ಚರಂಡಿಗಳನ್ನು ತೊಳೆಸಿ, ಗಾಳಿ ಆಡುವಂತೆ ಮಾಡಿದ ಮೇಲಷ್ಟೇ ಸಾವು ಇಳಿಯಿತು. ಲಂಡನ್ನಿಗೆ ಮರಳಿದ ನೈಟಿಂಗೇಲ್ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಅಂಕಿ ಅಂಶಗಳನ್ನು ಜಾಲಾಡಿದರು. ಗಾಯದಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹುಪಾಲು ಎಂಬುದನ್ನು 1858ರ ತಮ್ಮ ಪ್ರಸಿದ್ಧ ಬಣ್ಣದ ನಕ್ಷೆಗಳಲ್ಲಿ ತೋರಿಸಿದರು. ದೀಪ ಹಿಡಿದು ರಾತ್ರಿ ವಾರ್ಡಿನಲ್ಲಿ ನಡೆದ ಹೆಂಗಸನ್ನು ಲೋಕ ನೆನಪಿಟ್ಟುಕೊಂಡಿತು. ತನ್ನ ಆರೈಕೆಯ ನಡುವೆಯೇ ಇಷ್ಟು ಜನ ಯಾಕೆ ಸತ್ತರು ಎಂದು ಲೆಕ್ಕದ ಪುಸ್ತಕ ತೆರೆದ ಹೆಂಗಸನ್ನು ಮರೆತಿತು. ನನಗೆ ಎರಡನೆಯವರೇ ದೊಡ್ಡವರಾಗಿ ಕಾಣುತ್ತಾರೆ. ದೀಪ ಹಿಡಿಯಲು ಮಮತೆ ಸಾಕು. ಲೆಕ್ಕ ತೆರೆಯಲು ಮಮತೆಯ ಜೊತೆಗೆ ಎದೆಗಾರಿಕೆಯೂ ಬೇಕು.

ಅದಾದ ಇಪ್ಪತ್ತು ವರ್ಷಗಳೊಳಗೆ ಪ್ಯಾರಿಸ್ಸಿನ ಮಹಾ ನರರೋಗ ತಜ್ಞ ಜಾನ್ ಮಾರ್ಟಿನ್ ಶಾರ್ಕೋ ಬೇರೆಯದೇ ಮಾತು ಹೇಳಿದರು. ಮಿದುಳು, ಬೆನ್ನುಹುರಿಗಳಿಗೆ ಪೆಟ್ಟಾದವರಲ್ಲಿ ಬರುವ ಹುಣ್ಣು ನರದ ಕೆಡುಕಿನಿಂದಲೇ ಬರುವಂಥದು, ಅದು ಸಾವಿನ ಮುನ್ಸೂಚನೆ ಎಂದು ಅವರು ಕಲಿಸಿದರು. ಭಾರ ತೆಗೆದರೆ ಇಂಥ ಹುಣ್ಣನ್ನು ತಡೆಯಬಹುದು ಎಂದು ಬ್ರೌನ್ ಸೆಕಾರ್ ಎಂಬ ವಿಜ್ಞಾನಿ 1853ರಲ್ಲೇ ಗಿನಿಯಿಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಆದರೆ ಶಾರ್ಕೋ ಅವರ ಹೆಸರು ದೊಡ್ಡದು. ದೊಡ್ಡವರು ಇದು ವಿಧಿ ಎಂದ ಮೇಲೆ ಹೊರಳಿಸುವ ಕಷ್ಟ ಯಾರಿಗೆ ಬೇಕು? ಎರಡನೆಯ ಮಹಾಯುದ್ಧದವರೆಗೂ ಬೆನ್ನುಹುರಿ ಮುರಿದವರನ್ನು ಹೆಚ್ಚುಕಡಿಮೆ ಸಾಯಲು ಬಿಟ್ಟವರಂತೆಯೇ ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಬಹಳ ಮಂದಿ ಹುಣ್ಣಿನ ನಂಜಿನಿಂದಲೋ ಮೂತ್ರದ ಸೋಂಕಿನಿಂದಲೋ ತೀರಿಕೊಳ್ಳುತ್ತಿದ್ದರು.

ಈ ರೂಢಿಯನ್ನು ಮುರಿದವರು ಲುಡ್ವಿಗ್ ಗುಟ್‌ಮನ್. ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯರು. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗದ ಹೊಣೆ ಹೊತ್ತಾಗ ಅವರು ಹಾಕಿದ ಮೊದಲ ನಿಯಮಗಳಲ್ಲೊಂದು, ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ಹೊರಳಿಸಬೇಕು ಎಂಬುದು. ಅಪರಾತ್ರಿಯಲ್ಲಿ ತಾವೇ ಬಂದು ನಿಯಮ ನಡೆಯುತ್ತಿದೆಯೇ ಎಂದು ನೋಡುತ್ತಿದ್ದರು. ಹೊರಳಿಸಿದವರು ಬದುಕಿದರು. ಬದುಕಿದವರು ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುವಿದ್ಯೆಯ ಪಂದ್ಯ ಆಡಿದರು. ಆಸ್ಪತ್ರೆಯ ಹುಲ್ಲುಹಾಸಿನಲ್ಲಿ 1948ರಲ್ಲಿ ನಡೆದ ಆ ಪಂದ್ಯವೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. ಇಂದು ನಾವು ಟಿವಿಯಲ್ಲಿ ನೋಡಿ ಹೆಮ್ಮೆಪಡುವ ಪದಕಗಳ ಬುಡದಲ್ಲಿ, ಮಧ್ಯರಾತ್ರಿ ಎದ್ದು ಇನ್ನೊಬ್ಬರ ಮಗ್ಗುಲು ಬದಲಿಸಿದ ಕೈಗಳಿವೆ.

ಆದರೂ ಸಾಮಾನ್ಯ ವಾರ್ಡುಗಳಲ್ಲಿ ಹಳೆಯ ಉಪಚಾರಗಳೇ ನಡೆದಿದ್ದವು. ಬೆನ್ನಿಗೆ ಸ್ಪಿರಿಟ್ ಉಜ್ಜುವುದು, ಸೋಪು ಹಚ್ಚಿ ತಿಕ್ಕುವುದು, ಎಣ್ಣೆ, ಮುಲಾಮು, ಪೌಡರ್. ಒಂದೊಂದು ಆಸ್ಪತ್ರೆಗೆ ಒಂದೊಂದು ಪದ್ಧತಿ, ಒಬ್ಬೊಬ್ಬ ಹಿರಿಯ ಸಿಸ್ಟರ್‌ಗೆ ಒಂದೊಂದು ನಂಬಿಕೆ. ಡೊರೀನ್ ನಾರ್ಟನ್ ಎಂಬ ಬ್ರಿಟಿಷ್ ನರ್ಸ್ ಇದನ್ನೆಲ್ಲ ಪರೀಕ್ಷೆಗೆ ಒಡ್ಡಿದರು. ಸಂಗಡಿಗರ ಜೊತೆ ಆಸ್ಪತ್ರೆ ಸೇರಿದ 250 ಮಂದಿ ವೃದ್ಧರನ್ನು ಹಿಂಬಾಲಿಸಿ, 1962ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಕಾಲುಭಾಗದವರಿಗೆ ಹುಣ್ಣಾಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಸೇರಿದ ಮೊದಲ ಎರಡು ವಾರಗಳಲ್ಲೇ ಆಗಿತ್ತು. ಹಚ್ಚಿದ್ದು, ತಿಕ್ಕಿದ್ದು ಯಾವುದೂ ಹುಣ್ಣನ್ನು ತಡೆದಿರಲಿಲ್ಲ. ಭಾರ ಬೀಳದಂತೆ ನೋಡಿಕೊಂಡದ್ದೇ ತಡೆದಿತ್ತು. ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಟ, ಅಂಗಾಂಗಗಳ ಚಲನೆ, ಮಲಮೂತ್ರದ ಹಿಡಿತ, ಈ ಐದಕ್ಕೂ ಅಂಕ ಕೊಟ್ಟು ಯಾರಿಗೆ ಅಪಾಯ ಹೆಚ್ಚೆಂದು ಮೊದಲೇ ಗುರುತಿಸುವ ವಿಧಾನವನ್ನೂ ಅವರು ರೂಪಿಸಿದರು. ಇಪ್ಪತ್ತರಲ್ಲಿ ಹದಿನಾಲ್ಕೋ ಅದಕ್ಕಿಂತ ಕಡಿಮೆಯೋ ಬಂದರೆ ಎಚ್ಚರ. ನಾರ್ಟನ್ ಮಾಪನವೆಂದು ಇಂದಿಗೂ ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು ಓದುವುದು ಇದನ್ನೇ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸ್ಪಿರಿಟ್ ಉಜ್ಜಿದ ಆ ನರ್ಸುಗಳು ಸೋಮಾರಿಗಳಾಗಿರಲಿಲ್ಲ, ಕಟುಕರೂ ಆಗಿರಲಿಲ್ಲ. ಕೈ ನೋಯುವಷ್ಟು ಉಜ್ಜಿದರು. ರೋಗಿಗೆ ಹಿತವಾಯಿತೆಂದು ನಂಬಿದರು, ಬಹುಶಃ ರೋಗಿಯೂ ಹಾಗೆಯೇ ಅಂದಿರಬೇಕು. ಆದರೆ ಸ್ಪಿರಿಟ್ ಒಣಗಿದ ಚರ್ಮವನ್ನು ಇನ್ನಷ್ಟು ಒಣಗಿಸುವಂಥದು. ಮೂಳೆ ಉಬ್ಬಿದ ಕಡೆ, ಅದಾಗಲೇ ಕೆಂಪಾದ ಕಡೆ ತಿಕ್ಕಿದರೆ ಸೋತಿದ್ದ ಮಾಂಸ ಇನ್ನಷ್ಟು ಹರಿಯುತ್ತದೆ, ಹಾಗೆ ತಿಕ್ಕಬಾರದೆಂದು ಇಂದಿನ ಮಾರ್ಗಸೂಚಿಗಳು ಹೇಳುತ್ತವೆ. ನಮ್ಮ ಕಡೆ ಈಗಲೂ ಹಿಮ್ಮಡಿಯ ಕೆಳಗೆ ನೀರು ತುಂಬಿದ ಗ್ಲೌಸ್ ಇಡುತ್ತಾರೆ, ಸೊಂಟದ ಕೆಳಗೆ ಗಾಳಿ ತುಂಬಿದ ಉಂಗುರದ ದಿಂಬು ಕೊಡುತ್ತಾರೆ. ಎರಡೂ ಬೇಡವೆನ್ನುತ್ತದೆ ಸಂಶೋಧನೆ. ಉಂಗುರ ನಡುವಿನ ಭಾರವನ್ನು ಸುತ್ತಲಿನ ಅಂಚಿಗೆ ತಳ್ಳುತ್ತದೆ ಅಷ್ಟೆ. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿಸುವುದು ಒಳ್ಳೆಯದು. ನೇರ ಪಕ್ಕಕ್ಕೆ ಮಲಗಿಸಿ ಸೊಂಟದ ಪಕ್ಕದ ಮೂಳೆಯ ಮೇಲೆ ಪೂರಾ ಭಾರ ಹಾಕುವ ಬದಲು ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸುವುದು ಒಳ್ಳೆಯದು. ಇವೆಲ್ಲ ಯಾವ ಮನೆಯಲ್ಲೂ ಕಾಸು ಖರ್ಚಿಲ್ಲದೆ ಮಾಡಬಹುದಾದವು. ಯಾರೋ ಕೇಳಿ, ನೋಡಿ, ಬರೆದಿಟ್ಟದ್ದರಿಂದ ಮಾತ್ರ ನಮ್ಮವರೆಗೆ ಬಂದವು.

ಈ ವಿದ್ಯೆಯ ಪ್ರಾಮಾಣಿಕತೆ ನನ್ನನ್ನು ಹೆಚ್ಚು ಮುಟ್ಟುವುದು ಅದು ತನ್ನ ನಿಯಮವನ್ನೇ ಪ್ರಶ್ನಿಸಿಕೊಂಡಾಗ. ಎರಡು ಗಂಟೆಯೇ ಯಾಕೆ, ಮೂರಾದರೆ ಏನಾಗುತ್ತದೆ? ಪ್ರತಿ ಎರಡು ಗಂಟೆಗೆ ಎಬ್ಬಿಸಿದರೆ ವೃದ್ಧರ ನಿದ್ದೆ ಕೆಡುವುದಿಲ್ಲವೇ? ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ನರ್ಸ್ ಸಂಶೋಧಕಿ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳ ವೃದ್ಧಾಶ್ರಮಗಳಲ್ಲಿ 942 ಮಂದಿಯನ್ನು ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸುವ ಗುಂಪುಗಳಾಗಿ ಮಾಡಿ ನೋಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರೂ ಗುಂಪುಗಳಲ್ಲಿ ಹುಣ್ಣಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲ ಮಲಗಿದ್ದು ದಟ್ಟವಾದ ಫೋಮ್ ಹಾಸಿಗೆಯ ಮೇಲೆ. ಹೊರಳಿಸಿದ್ದನ್ನು ಪ್ರತಿ ಸಲ ಬರೆದಿಡಲಾಗುತ್ತಿತ್ತು, ಚರ್ಮವನ್ನು ಆಗಾಗ ನೋಡಲಾಗುತ್ತಿತ್ತು. ತೆಂಗಿನ ನಾರಿನ ಹಾಸಿಗೆಯ ಮೇಲೋ ನೆಲಕ್ಕೆ ಹಾಸಿದ ಜಮಖಾನದ ಮೇಲೋ ಮಲಗಿದ ನಮ್ಮ ಅಜ್ಜಿಗೆ ನಾಲ್ಕು ಗಂಟೆ ಸಾಕೆಂದು ಅದು ಹೇಳುವುದಿಲ್ಲ. ಸಂಶೋಧನೆಯನ್ನು ಶಾಸನದಂತೆ ಓದಬಾರದು. ಯಾರ ಮೇಲೆ, ಯಾವ ಹಾಸಿಗೆಯ ಮೇಲೆ, ಎಷ್ಟು ಕೈಗಳ ನೆರವಿನಿಂದ ಎಂದು ಕೇಳಿಕೊಂಡೇ ಓದಬೇಕು.

ಚರ್ಮದ ಬಣ್ಣದ ವಿಷಯವೂ ಹೀಗೆಯೇ. ಹುಣ್ಣಿನ ಮೊದಲ ಗುರುತು ಬೆರಳಿಂದ ಒತ್ತಿದರೂ ಬಿಳುಪಾಗದ ಕೆಂಪು ಎಂದು ಪಠ್ಯಗಳು ಕಲಿಸಿದವು. ಆ ಪಠ್ಯಗಳು ಬಿಳಿಯ ಚರ್ಮ ನೋಡಿ ಬರೆದವು. ಕಪ್ಪು ಚರ್ಮದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ, ಹಾಗಾಗಿ ಕಪ್ಪು ಮೈಯವರ ಹುಣ್ಣು ತಡವಾಗಿ, ಆಳವಾದ ಮೇಲೆ ಗೊತ್ತಾಗುತ್ತದೆ ಎಂಬುದನ್ನು ಸಂಶೋಧಕರು ಗುರುತಿಸಿ, ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಕೈಯಿಂದ ನೋಡಬೇಕೆಂದರು. ಕನ್ನಡ ನಾಡಿನ ಬಹುಪಾಲು ಮೈಗಳ ಬಣ್ಣ ಯಾವುದೆಂದು ನಮಗೆ ಗೊತ್ತೇ ಇದೆ. ಬೇರೆಯವರ ಮೈ ನೋಡಿ ಬರೆದ ಪಾಠ ನಮ್ಮ ಮೈಯನ್ನು ಪೂರ್ತಿ ಕಾಯಲಾರದು. ನಮ್ಮ ವಾರ್ಡುಗಳಲ್ಲಿ, ನಮ್ಮ ಮೈಗಳ ಮೇಲೆ, ನಮ್ಮ ನರ್ಸುಗಳೇ ಕೇಳಿಕೊಂಡ ಪ್ರಶ್ನೆಗಳು ಬೇಕು ಎಂದು ನಾನು ಹೇಳುವುದು ಇದಕ್ಕೇ.

ಎಣಿಸಿ ನೋಡುವುದೆಂದರೆ ತಪ್ಪು ಹುಡುಕುವುದು ಮಾತ್ರ ಎಂದು ಯಾರಾದರೂ ಅಂದುಕೊಂಡರೆ, 1989ರ ಇನ್ನೊಂದು ಕೆಲಸ ನೆನೆಯಬೇಕು. ಅಮೆರಿಕದ ಕರೆನ್ ಕೆನಡಿ ಎಂಬ ನರ್ಸ್ ದೀರ್ಘಕಾಲದ ರೋಗಿಗಳ ಆಸ್ಪತ್ರೆಯೊಂದರಲ್ಲಿ ಹುಣ್ಣುಗಳ ದಾಖಲೆ ಇಡುತ್ತಿದ್ದರು. ಚೆನ್ನಾಗಿ ನೋಡಿಕೊಂಡವರಲ್ಲೂ ಕೆಲವೊಮ್ಮೆ ಸೊಂಟದ ಹಿಂದೆ ದಿಢೀರನೆ ಒಂದು ಬಗೆಯ ಹುಣ್ಣು ಕಾಣಿಸಿಕೊಂಡು ಬೇಗ ದೊಡ್ಡದಾಗುತ್ತಿತ್ತು. ಹಳೆಯ ದಾಖಲೆಗಳನ್ನು ತಿರುವಿದಾಗ, ಹುಣ್ಣಾದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆರು ವಾರಗಳೊಳಗೆ ತೀರಿಕೊಂಡಿದ್ದು ಕಂಡಿತು. ದೇಹದ ಅಂಗಾಂಗಗಳೆಲ್ಲ ಸೋಲುವಾಗ ಚರ್ಮವೂ ಸೋಲುತ್ತದೆ. ಶಾರ್ಕೋ ಕಂಡದ್ದರಲ್ಲೂ ಒಂದು ತುಣುಕು ಸತ್ಯವಿತ್ತು, ಎಲ್ಲರ ಹುಣ್ಣಿಗೂ ಅದನ್ನೇ ಹೊದಿಸಿದ್ದು ತಪ್ಪಾಗಿತ್ತು.

ಅತ್ತೆಯನ್ನೋ ತಾಯಿಯನ್ನೋ ತಿಂಗಳುಗಟ್ಟಲೆ ಮಗುವಿನಂತೆ ನೋಡಿಕೊಂಡು, ಕೊನೆಯ ವಾರದಲ್ಲಿ ಬೆನ್ನಿಗೊಂದು ಹುಣ್ಣು ಕಂಡು, ಅದನ್ನು ತನ್ನ ತಪ್ಪೆಂದು ವರ್ಷಗಟ್ಟಲೆ ಒಳಗೇ ನೋಯುವ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ನೋಡಲು ಬಂದ ನೆಂಟರು ‘ಸರಿಯಾಗಿ ನೋಡ್ಕೊಂಡಿಲ್ಲ’ ಎಂದು ಆಡಿ ಹೋದ ಮಾತು ಅವರ ಎದೆಯಲ್ಲಿ ಉಳಿದಿರುತ್ತದೆ. ಅವರಿಗೆ ‘ಬಿಡಮ್ಮ, ನಿನ್ನ ಕೈಲಾದ್ದು ಮಾಡಿದೆ’ ಎನ್ನುವ ಸಮಾಧಾನ ಸಾಲದು. ಅದು ಕನಿಕರದಿಂದ ಬಂದದ್ದೆಂದು ಅವರಿಗೂ ಗೊತ್ತು. ಯಾವ ಮಮಕಾರವೂ ಇಲ್ಲದೆ ದಾಖಲೆ ತಿರುವಿದ ಒಬ್ಬ ನರ್ಸ್, ಇಂಥ ಹುಣ್ಣು ಎಷ್ಟು ಚೆನ್ನಾಗಿ ನೋಡಿಕೊಂಡರೂ ಬರಬಹುದು ಎಂದು ಹೇಳಿದಾಗ ಮಾತ್ರ ಆ ಕ್ಷಮೆಗೆ ತೂಕ ಬರುತ್ತದೆ. ತಪ್ಪಿದ್ದಾಗ ತಪ್ಪೆಂದು ಹೇಳುವ ಧೈರ್ಯವಿದ್ದವರೇ ತಪ್ಪಿಲ್ಲದಾಗ ತಪ್ಪಿಲ್ಲವೆಂದೂ ಹೇಳಬಲ್ಲರು.

ಈ ಎಲ್ಲ ಮಾತಿನ ನಡುವೆ ನಮ್ಮ ನಾಡಿನ ಒಬ್ಬ ಮಗಳನ್ನು ನೆನೆಯದಿರುವುದು ಹೇಗೆ? ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ನರ್ಸ್ ಆಗಿ ಮುಂಬೈಯ ಕೆಇಎಂ ಆಸ್ಪತ್ರೆ ಸೇರಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ಅಮಾನುಷವಾಗಿ ಎರಗಿದ. ಮಿದುಳಿಗೆ ಆಮ್ಲಜನಕ ತಪ್ಪಿ ಅವರು ಮತ್ತೆ ಮೊದಲಿನಂತಾಗಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು ನೋಡಿಕೊಂಡರು. ಹಾಸಿಗೆ ತೆರವು ಮಾಡಿಸಲು ಪಾಲಿಕೆ ಹೊರಟಾಗ ಪ್ರತಿಭಟಿಸಿ ಉಳಿಸಿಕೊಂಡರು. ಅವರಿಗೆ ದಯಾಮರಣ ಕೋರಿದ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ದೇಶದ ಕಾನೂನಿನಲ್ಲಿ ಮೈಲಿಗಲ್ಲಾಯಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೇ ಸಲ್ಲಬೇಕು ಎಂದು ಅದು ಹೇಳಿತು. ಅಷ್ಟು ವರ್ಷ ಮಲಗಿದ್ದರೂ ಅವರಿಗೆ ಹಾಸಿಗೆ ಹುಣ್ಣಾಗಿಲ್ಲ ಎಂಬ ಸಂಗತಿಯನ್ನು ನ್ಯಾಯಾಲಯ ಗಮನಿಸಿ ನರ್ಸುಗಳನ್ನು ಮೆಚ್ಚಿತು.

ಆ ಬದುಕನ್ನು ಮುಂದುವರಿಸಿದ್ದು ಸರಿಯೇ ಎಂಬ ಪ್ರಶ್ನೆಗೆ ಒಳ್ಳೆಯ ಮನಸ್ಸಿನವರೇ ಎರಡು ಉತ್ತರ ಕೊಟ್ಟಿದ್ದಾರೆ. ಅದನ್ನು ಇಲ್ಲಿ ತೀರ್ಮಾನಿಸುವ ಉದ್ದೇಶ ನನಗಿಲ್ಲ. ಆ ಚರ್ಮವನ್ನು ಮಾತ್ರ ನೋಡಿ. ನಾಲ್ಕು ದಶಕಗಳಲ್ಲಿ ಮೊದಲು ನೋಡಿಕೊಂಡವರು ನಿವೃತ್ತರಾದರು. ಅರುಣಾ ಅವರನ್ನು ಎಂದೂ ಎದ್ದು ನಡೆದಾಡುವವರಾಗಿ ಕಾಣದವರು, ಆ ದುರ್ಘಟನೆಯಾದಾಗ ಹುಟ್ಟಿಯೇ ಇರದವರು ಅವರ ಜಾಗಕ್ಕೆ ಬಂದರು. ಗೆಳತಿಯ ಮೇಲಿನ ಅಕ್ಕರೆಯೊಂದೇ ಇದನ್ನು ಸಾಧಿಸಲಾರದು, ಅಕ್ಕರೆ ನಿವೃತ್ತಿಯಾಗುತ್ತದೆ. ಪಾಳಿಯಿಂದ ಪಾಳಿಗೆ ಒಪ್ಪಿಸಿ ಹೋಗುವ ಕ್ರಮ, ಹಿರಿಯರು ಕಿರಿಯರಿಗೆ ಕೈಹಿಡಿದು ತೋರಿಸಿದ ವಿದ್ಯೆ, ಇಂದು ಯಾರ ಸರದಿ ಎಂಬ ಪಟ್ಟಿ, ಇವು ಸೇರಿ ಆ ಚರ್ಮವನ್ನು ಕಾದವು. ಪತ್ರಿಕೆಗಳು ಅದನ್ನು ತ್ಯಾಗವೆಂದು ಹೊಗಳಿದವು. ಹೊಗಳಿಕೆ ಸುಳ್ಳಲ್ಲ. ಆದರೆ ತ್ಯಾಗವೆಂದು ಕರೆದೊಡನೆ ನಾವು ಅದನ್ನು ಪೂಜೆಗಿಟ್ಟು ಕೈಮುಗಿದು ಹೊರಡುತ್ತೇವೆ. ಅದನ್ನು ವಿದ್ಯೆಯೆಂದು ಕರೆದಿದ್ದರೆ ಕಲಿಯಲು ಕೂರುತ್ತಿದ್ದೆವು. ಒಂದು ವಾರ್ಡಿನ ಭಕ್ತಿ ಆ ವಾರ್ಡಿನ ಗೋಡೆ ದಾಟುವುದಿಲ್ಲ. ಬರೆದಿಟ್ಟ ತಿಳಿವಳಿಕೆ ಹಾವೇರಿಯ ಒಂದು ಮನೆಗೂ ರಾಯಚೂರಿನ ಒಂದು ತಾಲ್ಲೂಕು ಆಸ್ಪತ್ರೆಗೂ ಹೋಗಿ ಮುಟ್ಟುತ್ತದೆ.

ಕಲಿಯಲು ಕೂರದಿರುವುದಕ್ಕೆ ನಮ್ಮಲ್ಲಿ ಹಳೆಯ ಕಾರಣವಿದೆ. ಇನ್ನೊಬ್ಬರ ಮೈ ಮುಟ್ಟುವ, ಮಲಮೂತ್ರ ತೆಗೆಯುವ ಕೆಲಸವನ್ನು ಈ ಸಮಾಜ ಮೈಲಿಗೆಯೆಂದಿತು. ಅದನ್ನು ಮಾಡುವವರನ್ನು ಕೀಳೆಂದಿತು. ದಕ್ಷಿಣ ಭಾರತದ ಶುಶ್ರೂಷೆಯ ಇತಿಹಾಸದಲ್ಲಿ ಧರ್ಮ, ಜಾತಿ, ಲಿಂಗಗಳ ಪಾತ್ರವನ್ನು ಮೀರಾ ಅಬ್ರಹಾಂ 1996ರ ತಮ್ಮ ಪುಸ್ತಕದಲ್ಲಿ ಅಧ್ಯಯನ ಮಾಡಿದರು. ಮೆಡಲಿನ್ ಹೀಲಿ 2013ರಲ್ಲಿ ಭಾರತದ ನರ್ಸುಗಳು ಮತ್ತು ಸರ್ಕಾರದ ನಡುವಿನ ನೂರು ವರ್ಷಗಳ ಕಥೆ ಬರೆದರು. ಮಿಷನ್ ಆಸ್ಪತ್ರೆಗಳಲ್ಲಿ ಮೊದಲು ಈ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಕ್ರೈಸ್ತ ಹೆಣ್ಣುಮಕ್ಕಳು. ಅನಾಥರು, ವಿಧವೆಯರೂ ಅವರಲ್ಲಿದ್ದರು. ಮನೆತನಸ್ಥರು ಮಗಳನ್ನು ಕಳಿಸಲು ಹಿಂಜರಿದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ದೇಶದ ಆರೋಗ್ಯ ವ್ಯವಸ್ಥೆ ಕುರಿತ 1946ರ ಭೋರ್ ಸಮಿತಿಯ ವರದಿ ಇಡೀ ದೇಶಕ್ಕೆ ಇದ್ದ ನರ್ಸುಗಳು ಸುಮಾರು 7,000, ಅಂದರೆ 43,000 ಜನಕ್ಕೆ ಒಬ್ಬರು ಎಂದು ಲೆಕ್ಕ ಕೊಟ್ಟಿತು. ಅದೇ ವರ್ಷ ದೆಹಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಶಿಕ್ಷಣ ಶುರುವಾಯಿತು. ಆ ಇತಿಹಾಸ ಓದಿದರೆ, ಇಂದಿಗೂ ವಾರ್ಡಿನಲ್ಲಿ ನರ್ಸ್ ಹೇಳಿದ ಮಾತು ಅಭಿಪ್ರಾಯವಾಗಿ ಮಾತ್ರ ಉಳಿಯುವುದು ಯಾಕೆಂದು ಅರ್ಥವಾಗುತ್ತದೆ. ಮುಟ್ಟುವ ಕೈಗೆ ತಿಳಿವಳಿಕೆ ಇರಲಾರದು ಎಂಬ ಆ ಹಳೆಯ ನಂಬಿಕೆ ನಮ್ಮಿಂದ ಇನ್ನೂ ಪೂರ್ತಿ ಹೋಗಿಲ್ಲ.

ಈಗ ಒಂದು ರಾತ್ರಿ ಪಾಳಿಯ ಲೆಕ್ಕ ಹಾಕಿ ನೋಡೋಣ. ಒಬ್ಬ ನರ್ಸ್‌ಗೆ ನಲವತ್ತು ರೋಗಿಗಳು ಎಂದುಕೊಳ್ಳಿ. ಅವರಲ್ಲಿ ಹತ್ತು ಮಂದಿ ಹೊರಳಲಾರದವರು. ಒಬ್ಬರನ್ನು ಹೊರಳಿಸಿ, ದುಪ್ಪಟಿಯ ಸುಕ್ಕು ತೆಗೆದು, ಚರ್ಮ ನೋಡಿ, ದಿಂಬು ಕೊಡಲು ಐದು ನಿಮಿಷ. ಅದಕ್ಕೆ ಇನ್ನೊಂದು ಜೊತೆ ಕೈ ಬೇಕು. ಎರಡು ಗಂಟೆಯಲ್ಲಿ ಸುಮಾರು ಒಂದು ಗಂಟೆ ಇದಕ್ಕೇ ಹೋಯಿತು. ಉಳಿದ ಹೊತ್ತಿನಲ್ಲಿ ಇಂಜೆಕ್ಷನ್, ಡ್ರಿಪ್, ಹೊಸ ಅಡ್ಮಿಷನ್, ರಿಪೋರ್ಟ್ ಬರೆಯುವುದು. ಇದು ಆಗದ ಮಾತು. ಆದ್ದರಿಂದ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರಳಿಸುವವರು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ ಮನೆಯವರು. ಮನೆಯವರಿಲ್ಲದವರನ್ನು ಹೊರಳಿಸಲು ಯಾರೂ ಇರುವುದಿಲ್ಲ. ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ದಾಖಲೆ ಪರಿಶೀಲಿಸಿ, ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಮೂವತ್ತು ದಿನದೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರುವುದನ್ನು ಕಂಡರು. 2014ರಲ್ಲಿ ಯುರೋಪಿನ 9 ದೇಶಗಳ 300 ಆಸ್ಪತ್ರೆಗಳ ಅಧ್ಯಯನವೂ ಅದನ್ನೇ ಹೇಳಿತು. ಪದವಿ ಪಡೆದ ನರ್ಸುಗಳ ಪಾಲು ಶೇ. 10 ಹೆಚ್ಚಿದ್ದಲ್ಲಿ ಸಾವಿನ ಸಂಭವ ಶೇ. 7 ಕಡಿಮೆ ಎಂಬುದನ್ನೂ ಸೇರಿಸಿತು. ಸಾಕಷ್ಟು ಕೈಗಳನ್ನು ಕೊಡದೆ ಸೇವಾ ಮನೋಭಾವ ಬೇಕೆಂದು ಉಪದೇಶಿಸುವುದು ಅನ್ಯಾಯ. ಇದು ನನ್ನ ಭಾವುಕ ಮಾತಲ್ಲ, ಲಕ್ಷಾಂತರ ರೋಗಿಗಳ ದಾಖಲೆಯಿಂದ ಹೊರಟ ಮಾತು.

ಆದರೆ ಎಲ್ಲ ಹೊರೆಯನ್ನೂ ಸಂಖ್ಯೆಯ ಮೇಲೆ ಹಾಕಿ ನಿರಾಳವಾಗಲು ಈ ವಿದ್ಯೆ ಬಿಡುವುದಿಲ್ಲ. 1972ರಲ್ಲಿ ಫೆಲಿಸಿಟಿ ಸ್ಟಾಕ್‌ವೆಲ್ ಎಂಬ ಬ್ರಿಟಿಷ್ ನರ್ಸ್ ಒಂದು ಮುಜುಗರದ ಪ್ರಶ್ನೆ ಕೇಳಿದರು: ನಮಗೆ ಯಾವ ರೋಗಿಗಳು ಇಷ್ಟ, ಯಾರು ಇಷ್ಟವಿಲ್ಲ? ನರ್ಸುಗಳ ಹೆಸರು ನೆನಪಿಟ್ಟುಕೊಂಡು, ನಗುತ್ತಾ, ಹೇಳಿದಂತೆ ಕೇಳುತ್ತಾ, ಗುಣವಾಗುವ ಹಟ ತೋರುವವರು ಎಲ್ಲರಿಗೂ ಇಷ್ಟವಾಗಿದ್ದರು. ಗೊಣಗುವವರು, ಪದೇ ಪದೇ ಕರೆಯುವವರು, ಹೊರದೇಶದಿಂದ ಬಂದವರು, ಬಹಳ ಕಾಲದಿಂದ ಮಲಗಿರುವವರು, ಇಲ್ಲಿರಬೇಕಾದವರಲ್ಲ ಎನಿಸಿದವರು ಇಷ್ಟವಾಗಿರಲಿಲ್ಲ. ಇದನ್ನು ಓದಿದವರು ನರ್ಸುಗಳತ್ತ ಬೆರಳು ತೋರಿಸುವ ಮುನ್ನ ತಮ್ಮ ಮನೆಯನ್ನೇ ನೋಡಿಕೊಳ್ಳಲಿ. ಹರಸುವ ಅಜ್ಜನ ಮಂಚದ ಬಳಿ ಮೊಮ್ಮಕ್ಕಳು ಕೂರುತ್ತಾರೆ. ಬೈಯುವ ಅಜ್ಜನ ಕೋಣೆಗೆ ಊಟದ ತಟ್ಟೆಯಷ್ಟೇ ಹೋಗುತ್ತದೆ. ಮಾತೇ ಇಲ್ಲದವರು, ಕರೆಯಲೂ ಆಗದವರು ಈ ಎರಡೂ ಪಟ್ಟಿಗೆ ಸೇರುವುದಿಲ್ಲ, ಅವರು ನೆನಪಿಗೇ ಬರುವುದಿಲ್ಲ. ಹುಣ್ಣಾಗುವುದು ಅವರಿಗೇ ಹೆಚ್ಚು. ಹೊರಳಿಸುವ ಸರದಿ ಪಟ್ಟಿಯ ಬೆಲೆ ತಿಳಿಯುವುದು ಇಲ್ಲಿ. ಗಂಟೆ ನೋಡಿ ಹೊರಳಿಸುವ ನಿಯಮಕ್ಕೆ ಯಾರು ಇಷ್ಟ, ಯಾರು ಇಷ್ಟವಿಲ್ಲ ಎಂಬುದಿಲ್ಲ. ನಮ್ಮ ಒಲವು ಸೋಲುವಲ್ಲಿ ನಮ್ಮನ್ನು ನ್ಯಾಯವಂತರಾಗಿಸುವುದು ಆ ಯಾಂತ್ರಿಕವೆನಿಸುವ ಕ್ರಮವೇ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ನರ್ಸಿಂಗ್ ಕಾಲೇಜುಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ ಈ ಕಾಲೇಜುಗಳು ಬಹಳ. ಪ್ರತಿ ವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯುತ್ತಾರೆ. ಅವುಗಳಲ್ಲಿ ಎಷ್ಟೋ ಒಂದೇ ಅಚ್ಚಿನವು: ಪ್ರಶ್ನಾವಳಿ ಕೊಡುವುದು, ಮುಕ್ಕಾಲು ಗಂಟೆ ಪಾಠ ಮಾಡುವುದು, ಕೆಲವು ದಿನ ಬಿಟ್ಟು ಅದೇ ಪ್ರಶ್ನಾವಳಿ ಕೊಡುವುದು, ಜ್ಞಾನ ಹೆಚ್ಚಾಯಿತೆಂದು ಬರೆಯುವುದು. ಪಾಠ ಕೇಳಿದವರಿಗೆ ಉತ್ತರ ಗೊತ್ತಾಗುವುದರಲ್ಲಿ ಆಶ್ಚರ್ಯವೇನಿದೆ? ಆ ವಾರ್ಡಿನ ರೋಗಿಗಳ ಬೆನ್ನು ಹೇಗಿತ್ತು, ಆಮೇಲೆ ಹೇಗಾಯಿತು ಎಂಬುದೇ ಕೇಳಬೇಕಾದ ಪ್ರಶ್ನೆ. ಆ ಮಕ್ಕಳನ್ನು ನಾನು ದೂರುವುದಿಲ್ಲ. ರೋಗಿಯ ಬೆನ್ನು ನೋಡಲು ತಿಂಗಳುಗಳು ಬೇಕು, ಆಸ್ಪತ್ರೆಯ ಒಪ್ಪಿಗೆ ಬೇಕು, ಬಂದ ಉತ್ತರ ಆಸ್ಪತ್ರೆಗೆ ಇಷ್ಟವಾಗದಿದ್ದರೂ ಪ್ರಕಟಿಸುವ ಧೈರ್ಯವುಳ್ಳ ಗುರುಗಳು ಬೇಕು. ಅದೆಲ್ಲವನ್ನೂ ಒದಗಿಸಬೇಕಾದವರು ನಾವು. ಒದಗಿಸದೆ ಹೋದರೆ, ಇಲ್ಲಿ ಓದಿದ ಜಾಣ ಹುಡುಗಿ ಬೇರೆ ದೇಶದ ಆಸ್ಪತ್ರೆಗೆ ಹೋಗಿ ಅಲ್ಲಿನ ರೋಗಿಗಳ ಬಗ್ಗೆ ಪ್ರಶ್ನೆ ಕೇಳುತ್ತಾಳೆ. ನಮ್ಮ ರೋಗಿಗಳ ಬಗ್ಗೆ ಕೇಳುವವರು ಇರುವುದಿಲ್ಲ.

ಪ್ರತಿ ವರ್ಷ ಮೇ 12ರಂದು, ನೈಟಿಂಗೇಲ್ ಹುಟ್ಟಿದ ದಿನ, ನಾವು ನರ್ಸುಗಳನ್ನು ದೇವತೆಗಳೆಂದು ಕರೆದು ಹೂಗುಚ್ಛ ಕೊಡುತ್ತೇವೆ. ದೇವತೆಗೆ ಸಂಬಳ ಬೇಡ, ನಿದ್ದೆ ಬೇಡ, ಜೊತೆಗೊಂದು ಕೈ ಬೇಡ, ಓದು ಬೇಡ. ದೇವತೆ ಹೇಳಿದ್ದನ್ನು ಯಾರೂ ಬರೆದುಕೊಳ್ಳುವುದೂ ಇಲ್ಲ. ಆ ಹೆಸರು ಗೌರವದಂತೆ ಕಂಡರೂ ಅದರಲ್ಲಿ ನಮ್ಮ ಜಾರಿಕೆಯಿದೆ. ಅವರು ದೇವತೆಗಳಲ್ಲ. ಕಲಿತವರು, ದಣಿಯುವವರು, ಕೆಲವೊಮ್ಮೆ ತಪ್ಪುವವರು, ತಾವು ಮಾಡುವ ಕೆಲಸದ ಬಗ್ಗೆ ನಮಗೆ ಗೊತ್ತಿಲ್ಲದ್ದನ್ನು ಬಲ್ಲವರು.

ಹಾಗಾಗಿ ನಮ್ಮ ಕರ್ತವ್ಯ ಹೂಗುಚ್ಛಕ್ಕಿಂತ ಕಷ್ಟದ್ದು. ನಮ್ಮವರನ್ನು ಆಸ್ಪತ್ರೆಗೆ ಸೇರಿಸುವಾಗ ಸ್ಕ್ಯಾನಿಂಗ್ ಯಂತ್ರ ಇದೆಯೇ ಎಂದು ಕೇಳುವಂತೆ, ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಒಬ್ಬ ನರ್ಸ್ ಎಂದೂ ಕೇಳೋಣ. ಮತ ಕೇಳಲು ಬಂದವರಿಗೆ ಹೊಸ ಆಸ್ಪತ್ರೆಯ ಕಟ್ಟಡದ ಜೊತೆಗೆ, ಇರುವ ಆಸ್ಪತ್ರೆಯಲ್ಲಿ ಖಾಲಿ ಬಿದ್ದ ನರ್ಸ್ ಹುದ್ದೆಗಳನ್ನು ಯಾವಾಗ ತುಂಬುತ್ತೀರಿ ಎಂದು ಕೇಳೋಣ. ಮನೆಯಲ್ಲಿ ಮಲಗಿದ ಹಿರಿಯರಿದ್ದರೆ ಹೊರಳಿಸಿದ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ, ಆ ಪಟ್ಟಿಯಲ್ಲಿ ಗಂಡುಮಕ್ಕಳ ಹೆಸರೂ ಇರಲಿ. ನೋಡಿಕೊಳ್ಳುವವರ ಮೇಲೆ ಮಾತು ಎಸೆಯುವ ಮುನ್ನ ಒಂದು ರಾತ್ರಿಯ ಸರದಿ ನಾವೂ ಹೊರೋಣ. ನಾವು ಪ್ರೀತಿಯಿಂದಲೇ ಮಾಡುತ್ತಿದ್ದೇವೆ ಎಂಬ ಮಾತು ಯಾರ ಬಾಯಿಂದ ಬಂದರೂ, ಅದರ ಮುಂದೆ ‘ಅದರಿಂದ ಅವರಿಗೆ ಒಳ್ಳೆಯದಾಯಿತೇ?’ ಎಂಬ ಪ್ರಶ್ನೆಯನ್ನು ಇಡುವುದು ಪ್ರೀತಿಗೆ ಅವಮಾನವಲ್ಲ. ಆ ಪ್ರಶ್ನೆಯನ್ನು ಹಟದಿಂದ ಕೇಳಿದ ನರ್ಸುಗಳಿಂದಲೇ ಎಷ್ಟೋ ಮೈಗಳು ಹುಣ್ಣಿಲ್ಲದೆ ಉಳಿದಿವೆ. ಅದನ್ನು ನಮ್ಮ ಆಸ್ಪತ್ರೆಗಳಲ್ಲಿ, ನಮ್ಮ ಭಾಷೆಯಲ್ಲಿ ಕೇಳಲು ಅವರಿಗೆ ಬೇಕಾದ ಸಮಯ, ಓದು ಮತ್ತು ಜೊತೆಗಾರರನ್ನು ಕೊಡುವುದು ಈಗ ನಮ್ಮ ಸರದಿ.